ಆರಿಸಿಟ್ಟ ಕಾಯಿ

ನಾದಿನಿ ತಿಪಟೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಒಮ್ಮೆ ಫೇಲಾಗಿದ್ದಳು. "ಈ ಸಲವೂ ಹೋಯ್ತೋ, ಮಾಯಸಂದ್ರದ ಎರಡನೇ ಸಂಬಂಧಕ್ಕೆ ಹೂಂ ಅಂದ್‌ಬುಡ್ತೀನಿ ಕಣೇ," ಎಂದು ಅತ್ತೆ ಹೇಳಿದ್ದರು. ಆತನಿಗೆ ಸತ್ತ ಹೆಂಡತಿಯ ಇಬ್ಬರು ಮಕ್ಕಳಿದ್ದರು. ಮುಂದಿನ ಎರಡು ಹಲ್ಲಿರಲಿಲ್ಲ.

ನಾನು ಕಾನ್ವೆಂಟಿನಲ್ಲಿ ಓದಿ, ಕಾಲೇಜಿನಲ್ಲಿ ಅದೇ ವಿಷಯ ಪಾಸು ಮಾಡಿ ಬಂದ ಸೊಸೆ. "ಕಾಯಿ ಸುಲಿಯೋಕಂತೂ ಬರಲ್ಲ, ಪಾಠನಾದ್ರೂ ಹೇಳ್ಲಿ ಬುಡು," ಅಂದರು ಅತ್ತೆ.

ನಾರ್ಮಲ್ ಕರ್ವ್ ಅವಳ ತಲೆಗೆ ಹತ್ತುತ್ತಿರಲಿಲ್ಲ. ಕೊಬ್ಬರಿಗೆಂದು ಅಟ್ಟಕ್ಕೆ ಏರಿಸಲು ಅಂಗಳದಲ್ಲಿ ಕಾಯಿ ಒಟ್ಟಿದ್ದರು. ಹೊಲಿಗೆ ಟೇಪಿನಿಂದ ಒಂದೊಂದರ ಸುತ್ತಳತೆ ತೆಗೆದು, ಒಂದೇ ಅಳತೆಯವನ್ನು ಒಂದೊಂದು ಸಾಲು ಮಾಡಿದೆವು. ನಡುವಿನ ಸಾಲು ಉದ್ದ. ಎರಡೂ ಕಡೆಗೆ ಇಳಿಯುತ್ತ ಗಂಟೆಯ ಆಕಾರ.

"ನಡುವೆ ಇರೋದು ಸರಾಸರಿ. ಅದರಿಂದ ಎಷ್ಟು ಚದುರಿವೆ ಅನ್ನೋದೇ ಸ್ಟ್ಯಾಂಡರ್ಡ್ ಡೀವಿಯೇಷನ್."

"ತುದೀಲಿ ಏನಾಗುತ್ತೆ ಅತ್ತಿಗೆ?"

"ನೋಡು, ಇಲ್ಲಿಗೆ ಮುಗೀತಲ್ಲ. ಆಮೇಲೆ ನೆಲ."

"ಇಷ್ಟೇನಾ!" ಎಂದು ನಕ್ಕಳು.

ಪರೀಕ್ಷೆಯಿಂದ ಹಿಗ್ಗಿ ಬಂದಳು. ಕರ್ವ್ ಬಿಡಿಸಿ, ಎರಡೂ ತುದಿ ನೆಲಕ್ಕೆ ಮುಟ್ಟಿಸಿ, ಪುಟಗಟ್ಟಲೆ ವಿವರಿಸಿದ್ದಳಂತೆ. ಅತ್ತೆ ಆಗ ಹೊಸ ಕಾಯಿ ಆರಿಸುತ್ತ ಕೂತಿದ್ದರು. ದಪ್ಪವು ದೇವರಿಗೆ, ಮಡಿಲು ತುಂಬಲು, ಸಣ್ಣವು ಅಡುಗೆಗೆ, ನಡುವಿನವು ಮಾತ್ರ ಅಟ್ಟಕ್ಕೆ. ಪ್ರತಿ ಸಲದ ಪದ್ಧತಿ. ನಾನು ಕಲಿಸಿದ್ದು ಹೀಗೆ ಎರಡೂ ಕಡೆ ಆರಿಸಿ ತೆಗೆದ ಗುಡ್ಡೆಯಿಂದ. ನಿಜವಾದ ಕರ್ವಿನ ತುದಿಗಳು ನೆಲಕ್ಕೆ ಹತ್ತಿರವಾಗುತ್ತಲೇ ಹೋಗುತ್ತವೆ, ಎಂದೂ ಮುಟ್ಟುವುದಿಲ್ಲ. ನನಗೆ ಅದು ಗೊತ್ತಿತ್ತು; ಕಣ್ಣೆದುರಿನ ಕಾಯಿ ನೋಡಿ ಮರೆತಿದ್ದೆ.

ಮೂರು ಅಂಕಕ್ಕೆ ಫೇಲಾದಳು.

ಅತ್ತೆ ನನ್ನ ಮುಖ ನೋಡಿದರು. "ಕಲಿಸಿದೋಳದ್ದೇ ತಪ್ಪಾದ್ರೆ ಹೇಳವ್ವ, ಇನ್ನೊಂದ್ಸಲ ಪರೀಕ್ಷೆ ಕಟ್ಟಿಸ್ತೀನಿ. ಇವಳ ತಲೇನೇ ಬರೀ ಚಿಪ್ಪಾದ್ರೆ ಅದೂ ಹೇಳು."

ಒಪ್ಪಿಕೊಂಡಿದ್ದರೆ ನನ್ನ ಕಾನ್ವೆಂಟನ್ನು ಸಾಯುವವರೆಗೂ ಆಡಿಕೊಳ್ಳುತ್ತಿದ್ದರು. "ನಾನು ಸರಿಯಾಗೇ ಹೇಳಿದ್ದೆ ಅತ್ತೆ," ಎಂದೆ.

ಮುಂದಿನ ವಾರ ಅವಳ ಮದುವೆಯ ರವಿಕೆಗೆ ಅದೇ ಟೇಪಿನಿಂದ ನಾನೇ ಅಳತೆ ತೆಗೆದೆ. ಕಾಯಿಯ ನಾರಿನ ಎಳೆಯೊಂದು ಅದರ ತುದಿಗೆ ಇನ್ನೂ ಸಿಕ್ಕಿಕೊಂಡಿತ್ತು.

"ಇಲ್ಲಿಗೆ ಮುಗೀತು ಅಂದಿದ್ದು ನೀವೇ ಅಲ್ವಾ ಅತ್ತಿಗೆ?" ಮೆಲ್ಲಗೆ ಕೇಳಿದಳು.

ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಕೈ ಎತ್ತು," ಎಂದೆ.