ಅಕ್ಕನ ದನಿಗೆ ಹುಡುಕಿದ ಪ್ಲೇಯರ್

ಅದು ಬುಧವಾರ. ಬೆಳಿಗ್ಗೆ ಎಂಟಕ್ಕೆಲ್ಲ ನಾನು ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದೆ. ಅಕ್ಕ ಗೋಡೆ ಪಕ್ಕ ರಾಟೆ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕೊಳವೆ. ನಾನು ನೇಯುವಷ್ಟು ಹೊತ್ತೂ ಅವಳು ಸುತ್ತುತ್ತಿರಬೇಕು, ಅವಳು ನಿಂತರೆ ಸ್ವಲ್ಪದರಲ್ಲೇ ನಾನೂ ನಿಲ್ಲಬೇಕು. ಭಾವ ತೀರಿಕೊಂಡ ಮೇಲೆ ಅವಳು ಸೇಲಂನ ನಮ್ಮ ಮನೆಗೆ ಬಂದು ಹತ್ತೊಂಬತ್ತು ವರ್ಷ ಹೀಗೇ ನಡೆದಿತ್ತು.

ನನ್ನ ಕಿವಿಯಲ್ಲಿ ಇಯರ್‌ಫೋನ್, ಅಂಗಿ ಜೇಬಿನಲ್ಲಿ ಹಾಡು ಕೇಳುವ ಪ್ಲೇಯರ್. ಅವಳು ಎರಡು ಸಲ ಕೂಗಿದ್ದು ನನಗೆ ಕೇಳಿಸಿರಲಿಲ್ಲ. ಮೂರನೆಯ ಸಲ ಖಾಲಿ ಕಂಡಿಕೆಯೊಂದು ಬಂದು ಭುಜಕ್ಕೆ ಬಿತ್ತು.

“ಏನ್ಲಾ, ಕಿವಿಗೆ ಬೆಣೆ ಒಡ್ಕೊಂಡು ಕೂತಿದೀಯಾ? ನೂಲು ಮುಗೀತಾ ಐತೆ ಅಂತ ಆವಾಗ್ಲಿಂದ ಏಳ್ತಾ ಇದೀನಿ.”

“ಕೇಳ್ಸಲಿಲ್ಲ ಅಕ್ಕಾ.”

“ಎಂಗೆ ಕೇಳ್ಸತ್ತೆ. ಮಗ್ಗದ ಸದ್ದು ಬ್ಯಾಡ ಅಂತ ಇನ್ನೊಂದು ಸದ್ದು ತುಂಬ್ಕೊಂಡಿದೀಯ. ಕೊಡಿಲ್ಲಿ, ಅದ್ರಾಗೆ ಏನೈತೆ ನೋಡಾನ.”

ಹೆಂಗಸೊಬ್ಬಳು ಹಾಡಿದ ನಿಧಾನದ ಹಾಡು ಅದು. ಅಕ್ಕ ಭಜನೆ ಗುಂಪಿನಲ್ಲಿ ಹಾಡುವವಳು. ಒಂದು ಕೈ ರಾಟೆಯ ಮೇಲೇ ಇಟ್ಟುಕೊಂಡು ಕಣ್ಣು ಮುಚ್ಚಿ ಕೇಳಿದಳು.

“ಚೆನ್ನಾಗೈತೆ. ಆದ್ರೆ ಇವ್ಳು ಉಸ್ರೇ ಎಳ್ಕೊಳ್ಳಲ್ವಲ್ಲೋ. ನಾಲ್ಕು ಸಾಲು ಒಂದೇ ದಮ್ಮಿಗೆ ಎಂಗೆ ಪಾಡ್ತಾಳೆ?”

“ಸ್ಟುಡಿಯೋದಲ್ಲಿ ಉಸಿರನ್ನ ಕಟ್ ಮಾಡಿ ತೆಗೀತಾರೆ.”

“ಅವ್ರು ಉಸ್ರು ತೆಗ್ದಾಕ್ತಾರೆ. ನೀನು ಉಸ್ರಿದ್ದಂಗೆ ಕೇಳ್ಸೋ ಮಿಷಿನ್ ಹುಡುಕ್ಕೊಂಡು ಊರೆಲ್ಲ ತಿರುಗ್ತೀಯ. ಒಳ್ಳೆ ಜೋಡಿ.”

ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ಮಧ್ಯಾಹ್ನ ಮೂವರೂ ಕೂತು ಮುದ್ದೆ, ಅವರೆಕಾಳಿನ ಸಾರು ಉಂಡೆವು. ಸಂಜೆ ಅಕ್ಕ ಸೀರೆ ಮಡಚಿ ಚೀಲದಲ್ಲಿಟ್ಟುಕೊಂಡಳು. ಮರುದಿನ ನಂಗವಳ್ಳಿಯಲ್ಲಿ ಚಿಕ್ಕಮ್ಮನ ಮೊಮ್ಮಗುವಿಗೆ ಹೆಸರಿಡುವುದಿತ್ತು.

ಅಲ್ಲಿ ಊಟ ಮಾಡಿ, ಸ್ವಲ್ಪ ಮಲಗುತ್ತೇನೆ ಎಂದು ಹೇಳಿ ಮಲಗಿದವಳು ಏಳಲಿಲ್ಲ. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರಂತೆ. ನಾನು ಬಸ್ ಹಿಡಿದು ಹೋಗುವಷ್ಟರಲ್ಲಿ ಅವಳನ್ನು ಜಗುಲಿಗೆ ತಂದು ಮಲಗಿಸಿದ್ದರು.

ಪ್ಲೇಯರಿನ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಹಿಂದೆ ನಮ್ಮ ಬೀದಿಯ ಪ್ರತಿ ಮಗ್ಗದ ಮನೆಯಲ್ಲೂ ರೇಡಿಯೋ ತೂಗುಹಾಕಿರುತ್ತಿದ್ದರು. ಆಮೇಲೆ ಫೋನ್ ಬಂತು. ಫೋನಿನಲ್ಲಿ ಹಾಡು ತೆಳ್ಳಗೆ, ಡಬ್ಬದೊಳಗಿಂದ ಬಂದ ಹಾಗೆ ಇರುತ್ತದೆ. ಹಾಡು ಕೇಳುವುದಕ್ಕೆಂದೇ ಮಾಡಿದ ಪ್ಲೇಯರುಗಳಿವೆ ಎಂದು ತೋರಿಸಿಕೊಟ್ಟವನು ಹಳೆ ಬಸ್ ಸ್ಟ್ಯಾಂಡ್ ಹತ್ತಿರ ಮಹಡಿಯ ಮೇಲೆ ಸೆಕೆಂಡ್‌ಹ್ಯಾಂಡ್ ಆಡಿಯೋ ಸಾಮಾನು ಮಾರುವವನು. ನನಗಿಂತ ಚಿಕ್ಕವನು. ಒಂದು ಕೊಟ್ಟು ಇನ್ನೊಂದು ತೆಗೆದುಕೊಳ್ಳುತ್ತ ಏಳೆಂಟು ವರ್ಷದಲ್ಲಿ ನಾನು ಐದಾರು ಪ್ಲೇಯರ್ ಕಂಡಿದ್ದೆ. ಕೆಲವು ಎಲ್ಲವನ್ನೂ ಸ್ಪಷ್ಟವಾಗಿ ಕೇಳಿಸುತ್ತವೆ, ಆದರೆ ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದೆ. ಅಪರೂಪಕ್ಕೆ ಒಂದರಲ್ಲಿ ದನಿ ಬೆಚ್ಚಗೆ, ಎದೆಯಿಂದ ಬಂದ ಹಾಗೆ ಇರುತ್ತದೆ. ನನಗೆ ಬೇಕಾಗಿದ್ದದ್ದು ಅದು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಹೆಂಡತಿ ತನ್ನ ಫೋನ್ ತಂದು ಕೊಟ್ಟಳು. “ಇದ್ರಾಗೆ ಅತ್ತಿಗೆ ಕಳ್ಸಿದ್ ವಾಯ್ಸ್ ಎಲ್ಲಾ ಐತೆ. ಅಳಿಸ್ದೆ ಇಟ್ಟಿದೀನಿ,” ಎಂದಳು. ನನ್ನ ಫೋನಿನಲ್ಲೂ ಕೆಲವು ಇದ್ದವು. ಅಕ್ಕ ಓದು ಬರಹ ಕಲಿತವಳಲ್ಲ. ಮನೆಯವರ ವಾಟ್ಸಾಪ್ ಗುಂಪಿಗೆ ಬಾಯಲ್ಲೇ ಹೇಳಿ ಕಳಿಸುತ್ತಿದ್ದಳು. ಎಲ್ಲ ಸೇರಿ ನಲವತ್ತರ ಹತ್ತಿರ. ನೆಂಟರ ಹುಡುಗಿಗೆ ಬಳೆ ತೊಡಿಸಿದ ದಿನ ಅವಳು ಹಾಡಿದ್ದನ್ನು ನಾನು ಹೆಂಡತಿಯ ಫೋನಿನಲ್ಲಿ ವಿಡಿಯೋ ಹಿಡಿದಿದ್ದೆ, ಅದೂ ಇತ್ತು. ಒಂದೊಂದನ್ನೂ ಹಿಂದೆ ಮುಂದೆ ಇದ್ದ ಗಲಾಟೆ ಕತ್ತರಿಸಿ ಚೊಕ್ಕ ಮಾಡಿ ಪ್ಲೇಯರಿಗೆ ಹಾಕಿದೆ.

ಫೋನಿಗಿಂತ ವಾಸಿಯಾಗಿತ್ತು, ಆದರೆ ಅಕ್ಕ ಅನ್ನಿಸುವಷ್ಟಿರಲಿಲ್ಲ. ಅಂಗಡಿಗೆ ಹೋದೆ. ಅವನು ಮೊದಲು ಕೊಟ್ಟದ್ದು ಹೊಳೆಯುವ ಲೋಹದ, ಹೊಸ ಬಗೆಯ ಪ್ಲೇಯರ್. ಅದರಲ್ಲಿ ಬಳೆ ಶಾಸ್ತ್ರದ ಮನೆಯ ಫ್ಯಾನು, ತಟ್ಟೆ ಇಟ್ಟ ಸದ್ದು ಎಲ್ಲವೂ ಬಿಡಿಬಿಡಿಯಾಗಿ ಕೇಳಿದವು. ಆದರೆ ಅಕ್ಕನ ದನಿಯಲ್ಲಿ ‘ಸ’ ಬಂದಾಗೆಲ್ಲ ಕಿವಿಗೆ ಚುಚ್ಚುತ್ತಿತ್ತು. ಎರಡನೆಯದು ದಪ್ಪ, ಭಾರ, ಕೈಯಲ್ಲಿ ಹಿಡಿದರೆ ಬಿಸಿಯಾಗುವಂಥದ್ದು. ಅದರೊಳಗೆ ಹಳೆಯ ಕ್ರಮದಲ್ಲಿ ಸಣ್ಣ ಸಣ್ಣ ರೆಸಿಸ್ಟರುಗಳನ್ನು ಸಾಲಾಗಿ ಕೂರಿಸಿದ್ದಾರೆ, ಅದಕ್ಕೇ ದನಿ ಮೆತ್ತಗೆ ಬರುತ್ತದೆ ಎಂದ.

ಅವನೂ ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವವನೇ, ಮಾರಂಡಹಳ್ಳಿ ಕಡೆಯವನು. ಆದರೆ ಅಂಗಡಿಯಲ್ಲಿ ನಾವಿಬ್ಬರೂ ಆಡುತ್ತಿದ್ದದ್ದು ತಮಿಳು. ಫೋನಿನ ಮೈಕು ಹಿಡಿಯದೆ ಬಿಟ್ಟದ್ದನ್ನು ಯಾವ ಪ್ಲೇಯರೂ ತಂದುಕೊಡುವುದಿಲ್ಲ ಎಂದು ಅವನು ಆಗಲೇ ತಮಿಳಿನಲ್ಲಿ ಹೇಳಿದ್ದ. ನಾನು ತಲೆಯಾಡಿಸಿ ಭಾರದ್ದನ್ನು ಕೇಳಿ ನೋಡಲೆಂದು ಮನೆಗೆ ತಂದೆ.

ಅದರಲ್ಲಿ ಅಕ್ಕ ಉಸಿರೆಳೆದುಕೊಳ್ಳುವುದು ಕೇಳಿಸಿತು. ಮಾತಿನ ಮಧ್ಯೆ ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ತಳ್ಳುವುದೂ ಕೇಳಿಸಿತು. ಮೊದಲ ದಿನ ನಾನು ಮಗ್ಗಕ್ಕೆ ಕೂರಲಿಲ್ಲ. ಆದರೂ ಏನೋ ಸರಿಯಿರಲಿಲ್ಲ. ದನಿ ಹತ್ತಿರ ಬಂದಿತ್ತು, ಆದರೆ ಅವಳು ನನ್ನ ಪಕ್ಕದಲ್ಲಿ ಕೂತು ಬೇರೆ ಯಾರಿಗೋ ಮಾತಾಡುತ್ತಿದ್ದಾಳೆ ಅನ್ನಿಸುತ್ತಿತ್ತು. ಇಯರ್‌ಫೋನ್ ತಪ್ಪಿರಬೇಕು ಅಂದುಕೊಂಡು ದೊಡ್ಡ ಹೆಡ್‌ಫೋನ್ ತಂದೆ. ವೈರ್ ಬದಲಾಯಿಸಿದೆ. ಪ್ಲೇಯರಿನ ಸೆಟ್ಟಿಂಗ್ ಒಂದೊಂದಾಗಿ ತಿರುಗಿಸಿ ನೋಡಿದೆ. ಒಂದು ತಿಂಗಳು ಹೀಗೆ ಹೋಯಿತು. ರಾಟೆಗೆ ಈಗ ಹೆಂಡತಿ ಕೂರುತ್ತಿದ್ದಳು.

ಮತ್ತೆ ಅಂಗಡಿಗೆ ಹೋಗಿ, ಇನ್ನೂ ಸ್ವಲ್ಪ ಬೆಚ್ಚಗಿರುವುದು ಬೇಕು ಎಂದೆ. ಎಲ್ಲಿ ಸಾಲದು ಕೇಳೋಣ ಎಂದು ಅವನು ಹೆಡ್‌ಫೋನ್ ಹಾಕಿಕೊಂಡ. ಅಕ್ಕನ ಎರಡು ಮೂರು ಮಾತು ಕೇಳಿ ತೆಗೆದಿಟ್ಟ. ಅಂಗಡಿಯಲ್ಲಿ ಅವನು ನನ್ನೊಂದಿಗೆ ಮೊದಲ ಸಲ ಕನ್ನಡ ಆಡಿದ್ದು ಆಗ.

“ಅಣ್ಣಾ, ಅಕ್ಕ ಮನೇಲಿ ನಿಮ್ಜೊತೆ ತಮಿಳಾ ಆಡ್ತಾ ಇದ್ದಿದ್ದು?”

“ಇಲ್ಲಪ್ಪ. ಕನ್ನಡಾನೇ.”

“ಇದ್ರಾಗೆ ಬರೀ ತಮಿಳೇ ಐತಲ್ಲಣ್ಣ.”

ಒಂದು ತಿಂಗಳು ದಿನಾ ಕೇಳಿದ್ದೇನೆ, ಅದು ನನಗೆ ಹೊಳೆದಿರಲಿಲ್ಲ. ನಮ್ಮ ಕಿವಿಗೆ ಎರಡು ಭಾಷೆಯೂ ಒಂದೇ ಬಾಗಿಲಲ್ಲಿ ಬರುತ್ತವೆ, ಯಾವುದು ಬಂತು ಎಂದು ನೋಡುವ ಅಭ್ಯಾಸವೇ ಇಲ್ಲ. ಮುಖಕ್ಕೆ ಮುಖ ಕೊಟ್ಟು ಕೂತರೆ ಕನ್ನಡ, ಫೋನ್ ಕೈಗೆ ಬಂದರೆ ತಮಿಳು. ಯಾರೂ ಮಾಡಿದ ನಿಯಮವಲ್ಲ. ಗುಂಪಿನಲ್ಲಿರುವ ಮಕ್ಕಳಿಗೆ ತಮಿಳು ಸಲೀಸು. ಅಕ್ಕ ಬರೀ ನನಗೆ ಕಳಿಸುವಾಗಲೂ ತಮಿಳಿನಲ್ಲೇ ಹೇಳುತ್ತಿದ್ದಳು, ನಾನೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದೆ. ಬಾಗಿಲ ಆಚೆ ಅವಳು ಫೋನ್ ಬಾಯಿಗೆ ಹಿಡಿದು “ತಂಬಿ, ಸಾಪ್ಪಿಡ ವಾ” ಅಂದು, ಫೋನ್ ಕೆಳಗಿಟ್ಟು, “ಬಾರ್ಲಾ, ಆರೋಯ್ತದೆ” ಎಂದು ಕೂಗಿದ್ದೂ ಉಂಟು. ಊಟಕ್ಕೆ ಬಾ ಎಂಬ ಒಂದೇ ಮಾತು ಎರಡು ದನಿಯಲ್ಲಿ. ಫೋನಿಗೆ ಹೇಳಿದ್ದು ಮಾತ್ರ ಉಳಿದಿದೆ.

ದನಿ ಬೇರೆಯೇ ಇತ್ತು, ಅದು ನನಗೆ ಈಗ ತಿಳಿಯುತ್ತದೆ. ತಮಿಳು ಆಡುವಾಗ ಅಕ್ಕನ ಗಂಟಲು ಒಂದಿಷ್ಟು ಮೇಲೇರುತ್ತಿತ್ತು. ಬ್ಯಾಂಕಿನವರ ಮುಂದೆ ನಿಂತ ಹಾಗೆ ಮಾತು ನೇರ, ಪೂರ್ತಿ. ಕನ್ನಡ ಆಡುವಾಗ ದನಿ ಕೆಳಗಿಳಿದು, ಅರ್ಧ ಮಾತು ನುಂಗಿ, ಬೈಗುಳ ಸೇರಿಸಿಕೊಂಡು ಬರುತ್ತಿತ್ತು. ನಾನು ಬೆಚ್ಚಗೆ ಬೇಕು ಎಂದು ಹುಡುಕಿದ್ದು ಆ ದನಿಯನ್ನು. ಪ್ಲೇಯರಿನ ತಪ್ಪು ಏನೂ ಇರಲಿಲ್ಲ.

ಆಮೇಲೆ ಅಕ್ಕನ ಕನ್ನಡ ಯಾರ ಹತ್ತಿರವಾದರೂ ಉಳಿದಿದೆಯೇ ಎಂದು ನೆಂಟರನ್ನೆಲ್ಲ ಕೇಳಿದೆ. ಕಡಯಂಪಟ್ಟಿಯ ಅಣ್ಣನ ಫೋನಿನಲ್ಲಿ ಕರೆಗಳು ತಾವಾಗಿಯೇ ರೆಕಾರ್ಡ್ ಆಗುತ್ತವೆ. ಅವನು ಇದ್ದದ್ದನ್ನೆಲ್ಲ ಕಳಿಸಿದ. ಹಲೋದಿಂದ ಇಡುತ್ತೇನೆ ಎನ್ನುವವರೆಗೆ ತಮಿಳು. ನಂಗವಳ್ಳಿಗೆ ಹೋಗಿ ಚಿಕ್ಕಮ್ಮನನ್ನು ಕೇಳಿದೆ.

“ಫೋನ್ನಾಗೆ ಯಾರ್ಲಾ ಕನ್ನಡ ಆಡ್ತಾರೆ?” ಎಂದಳು. “ಫೋನು ಅಂದ್ರೆ ಮನೆ ಒರ್ಗಡೆ ಓದಂಗಲ್ವಾ.” ಏಳುತ್ತ, “ಎದ್ರಾಗೆ ಕೂತು ಆಡೋ ಮಾತ್ನ ಪೆಟ್ಗೇಲಿ ಇಟ್ಕೋಬೇಕು ಅಂತ ಯಾರಿಗೆ ಗೊತ್ತಿತ್ತು ಬಿಡು,” ಎಂದು ಒಳಗೆ ಹೋದಳು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕಂಡಿಕೆ ಕೆಳಗಿಟ್ಟು ತನ್ನ ಫೋನಿನಲ್ಲಿದ್ದ ಬಳೆ ಶಾಸ್ತ್ರದ ವಿಡಿಯೋ ಹಾಕಿದಳು. ನಾನು ಕತ್ತರಿಸದೆ ಬಿಟ್ಟ ಮೂಲ ಅದು. ಶುರುವಿನಲ್ಲಿ ಕುರ್ಚಿ ಎಳೆದ ಸದ್ದು, ಮಕ್ಕಳ ಗದ್ದಲ. ಆಮೇಲೆ ಅಕ್ಕ ನನ್ನ ಕಡೆ ತಿರುಗಿ, “ಆನ್ ಆಯ್ತೇನ್ಲಾ?” ಎನ್ನುತ್ತಾಳೆ. ನಾನು “ಮ್” ಎನ್ನುತ್ತೇನೆ. ಅವಳು ಗಂಟಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ತಮಿಳು ಹಾಡು ಹಾಡುತ್ತಾಳೆ. ಹಾಡು ಚೊಕ್ಕವಾಗಿ ಶುರುವಾಗಲಿ ಎಂದು ಆ ಭಾಗವನ್ನು ತೆಗೆದವನು ನಾನೇ.

ಅದನ್ನು ಹಾಗೆಯೇ ಭಾರದ ಪ್ಲೇಯರಿಗೆ ಹಾಕಿ ಕೇಳಿದೆ. ಕುರ್ಚಿಯ ಸದ್ದಿನ ಹಿಂದೆ ಆ ಎರಡು ಪದ ಅವಳು ಹೇಳಿದ ಹಾಗೇ ಇವೆ, ಕೆಳದನಿಯಲ್ಲಿ, ಸ್ವಲ್ಪ ಅಸಹನೆಯಿಂದ. ಹೆಂಡತಿಗೂ ಕೊಟ್ಟೆ. ಅವಳು ಕೇಳಿ, “ಊಂ, ಅತ್ತಿಗೇನೇ,” ಎಂದಳು.

ನನ್ನ ಹಳೆಯ ಎರಡು ಪ್ಲೇಯರ್ ಕೊಟ್ಟು ಅದನ್ನೇ ಇಟ್ಟುಕೊಂಡಿದ್ದೇನೆ. ಹಾಡುಗಳು ಅದರಲ್ಲಿ ಚೆನ್ನಾಗಿ ಕೇಳುತ್ತವೆ. ಆ ಎರಡು ಪದ ಬಿಟ್ಟರೆ, ಹತ್ತೊಂಬತ್ತು ವರ್ಷ ಅಕ್ಕ ನನ್ನ ಹತ್ತಿರ ಆಡಿದ ಕನ್ನಡ ಅದರಲ್ಲಿಲ್ಲ, ಬೇರೆ ಯಾವುದರಲ್ಲೂ ಇಲ್ಲ.