ಹುಳುಮನೆಯ ಕಾನೂನು, ನನ್ನ ಮೈ

ಸಾತನೂರಿನ ಸುತ್ತಮುತ್ತ ರೇಷ್ಮೆ ಹುಳು ಸಾಕುವವರಲ್ಲಿ ನನ್ನಷ್ಟು ಕಟ್ಟುನಿಟ್ಟಿನವನು ಇನ್ನೊಬ್ಬನಿಲ್ಲ ಎಂದು ನಾನೇ ಹೇಳಿಕೊಂಡರೂ ತಪ್ಪಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಓದಿದವರು ಕೆಡಿಸಿಕೊಂಡ ಬೆಳೆ ಎಷ್ಟೋ ನೋಡಿದ್ದೇನೆ, ನನ್ನದು ಕೆಟ್ಟಿಲ್ಲ. ನನ್ನ ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಇದೆ. ಹೊರಗಿನ ರೋಗ ಹುಳುವಿಗೆ ತಗಲದಿರಲೆಂದು, ಅದರಲ್ಲಿ ಕಾಲು ಅದ್ದದೆ ಯಾರೂ ಒಳಗೆ ಬರುವಂತಿಲ್ಲ. ಪಕ್ಕದ ಮನೆಯ ನನ್ನ ತಮ್ಮ ಒಂದು ಸಲ ಹೊಲದ ಕಾಲಲ್ಲೇ ನುಗ್ಗಿದ್ದಕ್ಕೆ ಅವನ ಹೆಂಡತಿಯ ಎದುರೇ ಬೈದು ಹೊರಗೆ ಹಾಕಿದ್ದೆ.

ಇಂಥ ನಾನು ನನ್ನ ಮೈ ವಿಷಯದಲ್ಲಿ ಮಾಡಿದ್ದನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ನನಗೆ ಕೀಲುವಾತ. ಬೆರಳ ಗೆಣ್ಣು ಊದಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕುಡುಗೋಲು ಹಿಡಿಯಲಾಗದೆ ಹೋದಾಗ ಬೆಂಗಳೂರಿನ ಡಾಕ್ಟರೊಬ್ಬರು ಎರಡು ಥರದ ಮಾತ್ರೆ ಬರೆದರು. ಮೈಯೊಳಗಿನ ಕಾವಲು ದಾರಿ ತಪ್ಪಿ ನಿಮ್ಮ ಕೀಲನ್ನೇ ತಿನ್ನುತ್ತಿದೆ, ಈ ಮಾತ್ರೆ ಆ ಕಾವಲನ್ನು ತಗ್ಗಿಸುತ್ತದೆ ಎಂದರು. ಊರಲ್ಲಿ ಕಾಯಿಲೆಯವನು ಅನ್ನಿಸಿಕೊಳ್ಳುವುದು ನನಗಾಗದು. ಮಾತ್ರೆಗಳನ್ನು ಹಳೇ ಬಿಸ್ಕತ್ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟೆ. ಹೆಂಡತಿಯ ಹೊರತು ಯಾರಿಗೂ ಗೊತ್ತಿರಲಿಲ್ಲ.

ಹೋದ ಬೇಸಿಗೆಗೆ ನಮ್ಮೂರ ಮಕ್ಕಳಿಗೆ ಅಮ್ಮ ಆಯಿತು. ಸೀತಾಳೆ ಸಿಡುಬನ್ನು ನಾವು ಹಾಗೇ ಕರೆಯುವುದು. ಬಾಗಿಲಿಗೆ ಬೇವು ಕಟ್ಟುತ್ತೇವೆ, ಒಗ್ಗರಣೆ ಹಾಕುವುದಿಲ್ಲ. ನನಗೆ ಚಿಕ್ಕಂದಿನಲ್ಲಿ ಅದು ಆಗಿರಲಿಲ್ಲ. ತಮ್ಮ ಬಂದು ಜಗಲಿಯಲ್ಲಿ ಕೂತ. ಅವನ ಹತ್ತಿರ ಎಲ್ಲದಕ್ಕೂ ಒಂದು ಉತ್ತರ ಇರುತ್ತದೆ.

“ದೊಡ್ಡೋರಿಗೆ ಬಂದ್ರೆ ಜೋರಂತೆ ಕಣಣ್ಣೋ. ಕನಕಪುರದಾಗೆ ಅದಕ್ಕೂ ಸೂಜಿ ಐತೆ. ಹಾಕುಸ್ಕಂಡ್ ಬಂದ್ಬುಡು.”

ಅವನು ಹೋದ ಮೇಲೆ ಹೆಂಡತಿ ಮೆಲ್ಲಗೆ ಹೇಳಿದಳು, “ಮೊದ್ಲು ಬೆಂಗ್ಳೂರು ಡಾಕ್ಟ್ರುನ್ನ ಕೇಳಿ. ಆ ಮಾತ್ರೆ ತಿಂದು ಈ ಸೂಜಿ ಆಯ್ತದೋ ಇಲ್ವೋ.”

“ಕೇಳೋದೇನೈತೆ? ಒಸಿ ದಿನ ಮಾತ್ರೆ ನಿಲ್ಸುದ್ರಾಯ್ತು.”

ಈ ಉಪಾಯ ನನಗೆ ಹುಳುಮನೆಯಿಂದ ಬಂದದ್ದು. ಹುಳು ಪೊರೆ ಬಿಡಲು ಅಲ್ಲಾಡದೆ ಕೂತಾಗ ಸೊಪ್ಪು ಹಾಕುವಂತಿಲ್ಲ. ಸುಣ್ಣ ಉದುರಿಸಿ ಹುಳುಗಳ ಹಾಸಿಗೆ ಒಣಗಿಸಬೇಕು, ಎದ್ದ ಮೇಲೆ ಸೊಪ್ಪು. ಮೈಗೂ ಅದೇ ಲೆಕ್ಕ ಎಂದು ಹೆಂಡತಿಗೂ ಹೇಳಿದೆ. ಎರಡು ವಾರ ಮಾತ್ರೆ ಬಿಟ್ಟರೆ ಮೈ ಖಾಲಿ, ಸೂಜಿ ಆದ ಮೇಲೆ ಮತ್ತೆ ನುಂಗುವುದು. ಮೂವತ್ತು ವರ್ಷದ ಕಸುಬಿನವನು ಯಾರನ್ನು ಕೇಳಬೇಕು? ಹತ್ತನೇ ದಿನಕ್ಕೇ ಬೆರಳು ಊದಿದವು. ಕೈ ಪಂಚೆಯಲ್ಲಿ ಸುತ್ತಿಕೊಂಡು ಓಡಾಡಿದೆ.

ಕನಕಪುರದ ಕ್ಲಿನಿಕ್ಕಿಗೆ ಹೆಂಡತಿಯೂ ಜೊತೆಗೆ ಬಂದಳು. ಅಲ್ಲಿ ನರ್ಸಮ್ಮ ಕೇಳಿದಳು, “ಯಾವ್ದಾದ್ರೂ ಮಾತ್ರೆ ತಗೋತಿದ್ದೀರಾ?”

“ಇಲ್ಲ,” ಎಂದೆ. ಎರಡು ವಾರದಿಂದ ತೆಗೆದುಕೊಂಡಿರಲಿಲ್ಲವಲ್ಲ!

ಅವಳು ಸಿರಿಂಜಿಗೆ ಔಷಧಿ ಎಳೆದು ತೋಳಿಗೆ ಹತ್ತಿ ಒತ್ತಿದಳು. ನಾಲ್ಕು ಜನರ ಮುಂದೆ ನನ್ನ ಮಾತಿಗೆ ಎಂದೂ ಎದುರಾಡದ ನನ್ನ ಹೆಂಡತಿ ಚೀಲದಿಂದ ಬಿಸ್ಕತ್ ಡಬ್ಬಿ ತೆಗೆದು ಟಣ್ಣೆಂದು ಮೇಜಿನ ಮೇಲಿಟ್ಟಳು.

“ಸುಳ್ಳು ಯೋಳ್ತಾವ್ರೆ ಸಿಸ್ಟ್ರೇ. ಇದುನ್ನ ನೋಡಿ ಆಮ್ಯಾಕೆ ಚುಚ್ಚಿ.”

ನರ್ಸಮ್ಮ ಡಬ್ಬಿ ನೋಡಿದವಳೇ ಸೂಜಿ ಕೆಳಗಿಟ್ಟು ಡಾಕ್ಟರಮ್ಮನನ್ನು ಕರೆದಳು. ನನ್ನ ಮಗಳ ವಯಸ್ಸಿನ ಡಾಕ್ಟರು. ಮಾತ್ರೆ ತಿರುಗಿಸಿ ತಿರುಗಿಸಿ ನೋಡಿ ನನ್ನ ಮುಖ ನೋಡಿದಳು.

“ಯಜಮಾನ್ರೇ, ಈ ಲಸಿಕೇಲಿ ಇರೋದು ಜೀವ ಇರೋ ರೋಗಾಣು. ಶಕ್ತಿ ಕುಂದಿಸಿರ್ತಾರೆ, ಅಷ್ಟೆ. ಬೇರೆಯವರ ಮೈ ಅದನ್ನ ಬಡಿದು ಪಾಠ ಕಲಿಯುತ್ತೆ. ನಿಮ್ಮಲ್ಲಿ ಬಡಿಯೋ ಕಾವಲಿಗೇ ಮಾತ್ರೆ ಕೊಟ್ಟು ಮಲಗಿಸಿದ್ದಾರೆ. ಸೂಜಿಯಿಂದ್ಲೇ ಕಾಯಿಲೆ ಜೋರಾಗಿ ಬರಬಹುದಿತ್ತು.”

“ಎರಡು ವಾರ ನಿಲ್ಸಿದ್ದೆ ತಾಯಿ.”

“ಯಾರು ಹೇಳಿದ್ರು ನಿಲ್ಸೋಕೆ?”

ಹೆಂಡತಿ ಹೇಳಿದಳು, “ಹುಳ ಹೇಳ್ತು ಅವ್ರಿಗೆ.”

ನರ್ಸಮ್ಮ ನಕ್ಕಳು, ಡಾಕ್ಟರಮ್ಮ ನಗಲಿಲ್ಲ. ಎರಡು ವಾರಕ್ಕೆ ಇವುಗಳ ಪ್ರಭಾವ ಹೋಗುವುದಿಲ್ಲ, ತಟ್ಟನೆ ನಿಲ್ಲಿಸುವುದೇ ಒಂದು ಅಪಾಯ ಎಂದು ಅಲ್ಲೇ ಬೆಂಗಳೂರಿನ ಡಾಕ್ಟರಿಗೆ ಫೋನು ಮಾಡಿ, ಮಾತ್ರೆ ಮತ್ತೆ ಶುರು ಮಾಡುವ ಕ್ರಮ ಬರೆದುಕೊಟ್ಟಳು. ಜೀವ ಇಲ್ಲದ ಲಸಿಕೆಗಳೂ ಇವೆ, ಫ್ಲೂ ಸೂಜಿಯಂಥವು, ಅವು ನಿಮಗೆ ಆಗುತ್ತವೆ, ನಿಮ್ಮ ಡಾಕ್ಟರನ್ನೇ ಕೇಳಿ ಎಂದಳು. ಅಮ್ಮ ಆದವರ ಮನೆಗೆ ಕಾಲಿಡಬೇಡಿ, ಅಕಸ್ಮಾತ್ ಹತ್ತಿರ ಹೋಗಿದ್ದರೆ ಗುಳ್ಳೆ ಏಳಲಿ ಎಂದು ಕಾಯದೆ ಅವತ್ತೇ ಬನ್ನಿ ಎಂದಳು. ಬಸ್ಸಿನಲ್ಲಿ ಊರು ಬರುವವರೆಗೂ ಹೆಂಡತಿ ಡಬ್ಬಿಯನ್ನು ತೊಡೆಯ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡಿದ್ದಳು.

ವಾರ ಕಳೆಯುವುದರೊಳಗೆ ತಮ್ಮನ ಮೊಮ್ಮಗನಿಗೆ ಅಮ್ಮ ಆಯಿತು. ನಮ್ಮಲ್ಲಿ ಹಾಗಾದ ಮಗುವಿಗೆ ಎಳನೀರು ಕೊಡುವುದುಂಟು. ಒಳಗೆ ಹೋಗುವುದು ಬೇಡ, ಬಾಗಿಲಲ್ಲೇ ಕೊಟ್ಟು ಬರೋಣ ಎಂದು ಎರಡು ಎಳನೀರು ಹಿಡಿದು ಹೊರಟೆ. ಕಾಂಪೌಂಡಿನ ಗೇಟು ಮುಟ್ಟುವ ಮೊದಲೇ ತಮ್ಮನ ಹೆಂಡತಿ ಬೇವು ಕಟ್ಟಿದ ಬಾಗಿಲಿಂದ ಕೂಗಿದಳು.

“ಭಾವ, ಅಲ್ಲೇ ನಿಂತ್ಕಳಿ! ನಿಮ್ ಮಾತ್ರೆ ವಿಚಾರ ಅಕ್ಕ ಎಲ್ಲಾ ಯೋಳವ್ರೆ. ಒಂದ್ ಹೆಜ್ಜೆ ಮುಂದಕ್ಕೆ ಬರ್ಬ್ಯಾಡಿ!”

ಒಳಗಿನಿಂದ ತಮ್ಮನ ದನಿ ಕೇಳಿತು. “ಬ್ಲೀಚಿಂಗ್ ತಟ್ಟೆ ಇಕ್ಲೇನಣ್ಣೋ? ಕಾಲು ಅದ್ದುದ್ರೂ ಬಿಡಾಕಿಲ್ಲ!”

ಎಳನೀರನ್ನು ಗೇಟಿನ ಬುಡದಲ್ಲಿಟ್ಟೆ. ಬೈಯಲು ಬಾಯಿ ತೆರೆದೆ. ಬೈಯಬೇಕಾದ ಮಾತೆಲ್ಲ ಹಿಂದೆ ಹುಳುಮನೆಯ ಬಾಗಿಲಲ್ಲಿ ನಾನೇ ಅವನಿಗೆ ಹೇಳಿ ಮುಗಿಸಿದ್ದೆ. ಮನೆಗೆ ಬಂದು ಮಾತ್ರೆ ನುಂಗಿದೆ.