ಎಂಟು ಮೀಸೆಯ ಹಾಲಗಿರ್ಲು

ಮಾನ್ವಿಯ ಮೀನು ಮಾರ್ಕೆಟ್ಟಿನಲ್ಲಿ ಸೂಗಮ್ಮನ ಮಾತಿಗೆ ಎದುರು ಮಾತಿರಲಿಲ್ಲ. ತಕ್ಕಡಿಯ ಬಗ್ಗೆ ಬೇಕಾದರೆ ಅವಳೊಂದಿಗೆ ಜಗಳ ತೆಗೆಯಬಹುದಿತ್ತು, ಮೀನಿನ ಹೆಸರಿನ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ದೇವದುರ್ಗದ ಕಡೆ ಕೃಷ್ಣೆಯ ದಂಡೆಯ ಮೇಲೆ ಅಂಬಿಗರ ಮನೆಯಲ್ಲಿ ಹುಟ್ಟಿದವಳು ಅವಳು. ಅಕ್ಷರ ಕಲಿಯುವ ವಯಸ್ಸಿನಲ್ಲಿ ಅಪ್ಪನ ಹರಿಗೋಲಿನಲ್ಲಿ ಕೂತು ಮೀನು ಕಲಿತಳು. ಮೊದಲು ಮೈಮೇಲೆ ಹುರುಪೆ ಇದ್ದದ್ದು, ಇಲ್ಲದ್ದು ಎಂದು ಎರಡು ಪಾಲು. ಹುರುಪೆ ಇಲ್ಲದ್ದರಲ್ಲಿ ಹರಿಯುವ ನೀರಿನದು ಬೇರೆ, ನಿಂತ ನೀರಿನದು ಬೇರೆ. ಆಮೇಲೆ ಯಾವುದು ಯಾರ ಹೊಟ್ಟೆಗೆ ಎಂಬ ವಿಂಗಡಣೆ. ಜ್ವರ ಬಿಟ್ಟು ಎದ್ದವರಿಗೆ ಕೊರವ, ರಕ್ತ ಕಡಿಮೆ ಇದ್ದವರಿಗೆ ಚೇಳುಮೀನು, ಎದೆಹಾಲು ಬಾರದ ಬಾಣಂತಿಗೆ ಹಾಲಗಿರ್ಲು.

ಈ ಹಾಲಗಿರ್ಲು ಗೇಣುದ್ದದ ಬೆಳ್ಳನೆಯ ಮೀನು. ಹರಿಯುವ ನೀರಿನ ಬಂಡೆ ಸಂದಿ ಬಿಟ್ಟು ಬೇರೆಲ್ಲೂ ಸಿಗದು. ಅದನ್ನು ಮಾರಲು ಅಪ್ಪ ಒಂದು ಕಟ್ಟಳೆ ಮಾಡಿದ್ದ: ತಲೆ ಸಮೇತ ಕೊಡಬೇಕು, ಕೊಳ್ಳುವವರ ಎದುರೇ ಮೀಸೆ ಎಣಿಸಬೇಕು, ಎಂಟು ತುಂಬಿದ ಮೇಲೆಯೇ ಹೆಸರು ಹೇಳಬೇಕು. ಗಂಡಸರ ಮೀಸೆಯನ್ನು ನಂಬದಿದ್ದರೂ ನಡೆದೀತು, ಮೀನಿನ ಮೀಸೆ ಸುಳ್ಳಾಡುವುದಿಲ್ಲ ಎಂದು ಸೂಗಮ್ಮ ಗಿರಾಕಿಗಳನ್ನು ನಗಿಸುತ್ತಿದ್ದಳು.

ಅದೆಲ್ಲ ಹಳೆಯ ಮಾತು. ಹೊಳೆಯ ಮರಳನ್ನು ಲಾರಿಗಳು ಬಗೆದುಕೊಂಡು ಹೋದವು. ಬಂಡೆ ಸಂದಿಗಳಲ್ಲಿ ಕೆಸರು ತುಂಬಿತು. ಆರು ವರ್ಷದಿಂದ ಅವಳು ಒಂದೇ ಒಂದು ಹಾಲಗಿರ್ಲು ಕಂಡಿರಲಿಲ್ಲ. ಈಗ ರಾಯಚೂರಿನಿಂದ ಬರ್ಫದ ಡಬ್ಬಿಗಳಲ್ಲಿ ಬರುವ ಸಾಕಿದ ಮೀನೇ ಅವಳ ಬುಟ್ಟಿಗೂ ಗತಿ. ಅವುಗಳಿಗೆ ಹೆಸರು ಹೇಳಲು ಸೂಗಮ್ಮನೇ ಬೇಕೆಂದಿಲ್ಲ, ಡಬ್ಬಿಯ ಮೇಲೆ ಚೀಟಿ ಇರುತ್ತದೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಆಟೋ ಓಡಿಸುವ ಜಹೀರ್ ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಯವ್ವಾ, ನನ್ನ ಹೇಣ್ತಿ ಮುಸರ್ರತ್ ಹಡದು ಎಂಟು ದಿನಾತು. ಎದಿಯಾಗ ಹಾಲೇ ಇಲ್ಲ. ಕೂಸು ಡಬ್ಬಿ ಹಾಲು ಕುಡದು ಕಕ್ಕಾಕತ್ತದ. ನಾ ಹುಟ್ಟಿದಾಗ ನಮ್ಮ ಅಮ್ಮೀಗಿ ನೀನ ಹಾಲಗಿರ್ಲು ಕೊಟ್ಟಿದ್ದೆಂತ. ಸಾಯೂತನಕ ಹೇಳತಿದ್ಲು."

ಇಲ್ಲ ಎನ್ನಬೇಕಿತ್ತು. ಪಕ್ಕದಲ್ಲಿ ಕೂತ ಹೆಂಗಸರು ಕಿವಿ ನಿಮಿರಿಸಿದ್ದರು. ಹೊಳೆಯಲ್ಲಿ ಹಾಲಗಿರ್ಲು ಇರುವತನಕ, ಹೆಣ್ಣುಮಕ್ಕಳ ಬಾಣಂತನಕ್ಕೆ ಮೀನು ಕೇಳಿದವರನ್ನು ಸೂಗಮ್ಮ ಒಮ್ಮೆಯೂ ಬರಿಗೈಯಲ್ಲಿ ಕಳಿಸಿರಲಿಲ್ಲ. ಆ ಹುಡುಗನ ಮುಖ ನೋಡಿ ಅವಳಿಗೆ ಕರುಳು ಚುರುಕ್ ಎಂದದ್ದು ನಿಜ. ತನ್ನ ಹೆಸರು ಹೋದೀತೆಂಬ ಹೆದರಿಕೆಯೂ ಅಷ್ಟೇ ನಿಜ. ಬರ್ಫದ ಡಬ್ಬಿಯಲ್ಲಿ ಪಂಗಾಸ್ ಎಂಬ ಸಾಕುಮೀನಿನ ಗೇಣುದ್ದದ ಮರಿಗಳಿದ್ದವು. ಬೆಳ್ಳಗಿದ್ದವು, ಹುರುಪೆ ಇರಲಿಲ್ಲ. ಆದರೆ ಮೀಸೆ ನಾಲ್ಕೇ. ಅವಳು ಈಳಿಗೆ ಎಳೆದುಕೊಂಡು ಆರು ಮೀನಿನ ತಲೆ ಹಾರಿಸಿಬಿಟ್ಟಳು.

"ತಲಿ ಯಾಕ ತೆಗದಿ ಯವ್ವಾ?"

"ಮುಳ್ಳು ಚುಚ್ಚತಾವ. ಹಸಿ ಬಾಣಂತಿ ಅದಾಳ. ತಗೊಂಡು ಹೋಗಪಾ, ಹಾಲಗಿರ್ಲು."

ಹೆಸರು ನಾಲಿಗೆಯ ಮೇಲೆ ಸಲೀಸಾಗಿ ಹೊರಳಿತು. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದದ್ದು. ಮರುದಿನ ತವರೂರಲ್ಲಿದ್ದ ತಮ್ಮ ಅಮರೇಶನಿಗೆ ಫೋನು ಮಾಡಿ, "ಹೆಂಗರ ಮಾಡಿ ಹಾಲಗಿರ್ಲು ಹುಡುಕೋ, ನಾಕ ಸಿಕ್ಕರೂ ಸಾಕು" ಎಂದು ಬೇಡಿಕೊಂಡಳು. ಅಮರೇಶ ಈಗಲೂ ಕೃಷ್ಣೆಗೆ ಬಲೆ ಬೀಸುತ್ತಿದ್ದ. ಅಕ್ಕನಿಗೆ ಅರಳು ಮರಳು ಎಂದುಕೊಂಡರೂ ದಿನಾ ಹುಡುಕಿದ.

ಇಪ್ಪತ್ತು ದಿನದ ಮೇಲೆ ಅವನು ದೇವದುರ್ಗದ ಬಸ್ಸಿನಿಂದ ಇಳಿದಾಗ ಕೈಯಲ್ಲಿ ಒದ್ದೆ ಬಟ್ಟೆಯ ಗಂಟಿತ್ತು. ಒಳಗೆ ನಾಲ್ಕು ಮೀನು. ಸೂಗಮ್ಮ ನೆಲಕ್ಕೆ ಕೂತು ಒಂದೊಂದರ ಮೀಸೆ ಎಣಿಸಿದಳು. ಎಂಟು. ಎಂಟು. ಕಣ್ಣಲ್ಲಿ ನೀರು ಬಂದು ಮುಂದೆ ಎಣಿಸಲಾಗಲಿಲ್ಲ.

"ಇಡೀ ಹೊಳಿಯಾಗ ಇವ ನಾಕ ಇದ್ವೇನೋ ಅಕ್ಕಾ," ಎಂದ ಅಮರೇಶ.

ಅವಳು ಗಂಟು ಹಿಡಿದು ನೇರವಾಗಿ ಜಹೀರನ ಮನೆಗೆ ನಡೆದಳು. ಕೊಟ್ಟದ್ದು ಸುಳ್ಳೆಂದು ಹೇಳಿ, ಖರೆ ಮೀನು ತೋರಿಸಿ, ಮೀಸೆ ಎಣಿಸಿ ಕೊಟ್ಟು ಬರುವುದು. ಬೈದರೆ ಬೈಸಿಕೊಳ್ಳುವುದು. ದಾರಿಯುದ್ದಕ್ಕೂ ಇದೊಂದೇ ಯೋಚನೆ.

ಮುಸರ್ರತ್ ಕೂಸಿಗೆ ಎದೆ ಕೊಟ್ಟು ಕೂತಿದ್ದಳು. ಸೂಗಮ್ಮನನ್ನು ಕಂಡು ಅವಳ ಮುಖ ಅರಳಿತು.

"ಬರ್ರಿ ಯವ್ವಾ! ನಿಮ್ಮ ಹಾಲಗಿರ್ಲು ತಿಂದ ಮ್ಯಾಲೇ ನೋಡ್ರಿ ಹಾಲು ಬಂದದ್ದು. ಓಣಿಯಾಗ ಎಲ್ಲಾರಿಗೂ ಹೇಳೀನಿ. ನಮ್ಮಕ್ಕಾನೂ ಬಸರಿ ಅದಾಳ, ಆಕಿಗೂ ಅದನ್ನ ಕೊಡ್ರಿ."

ಸೂಗಮ್ಮ ಗಂಟು ಬಿಚ್ಚಿದಳು. ಮುಸರ್ರತ್ ಬಗ್ಗಿ ನೋಡಿ ಕೂಸನ್ನು ಹಿಂದಕ್ಕೆ ಎಳೆದುಕೊಂಡಳು.

"ಅಯ್ಯ, ಇದೇನ್ರಿ, ಇಷ್ಟು ಮೀಸಿ? ಇದು ಹಾಲಗಿರ್ಲು ಅಲ್ಲ ಬಿಡ್ರಿ. ಅದು ಎಷ್ಟು ನುಣ್ಣಗಿತ್ತು!"

"ಅವತ್ತು ನಾ ಕೊಟ್ಟದ್ದು..." ಎಂದು ಸೂಗಮ್ಮ ಬಾಯಿ ತೆರೆದಳು. ಕೂಸು ಗುಟುಕು ಗುಟುಕಾಗಿ ಹಾಲು ನುಂಗುತ್ತಿತ್ತು. ಆ ಹೆಂಗಸು ನಂಬಿ ಉಂಡಿದ್ದಳು, ಆ ನಂಬಿಕೆಯಲ್ಲೇ ಹಾಲು ಇಳಿದಿತ್ತೋ ಏನೋ. ಈಗ ಸುಳ್ಳು ಎಂದರೆ ಆ ಹಾಲಿಗೆ ಏನಾದೀತೆಂದು ಅವಳಿಗೆ ಭಯವಾಯಿತು.

"ಹಂಗಾರ ಇದಕ್ಕೇನಂತಾರ್ರಿ?" ಮುಸರ್ರತ್ ಕೇಳಿದಳು.

ಸೂಗಮ್ಮ ಒದ್ದೆ ಬಟ್ಟೆ ಮಡಚಿದಳು.

"ಇದಕ್ಕ ಹೆಸರಿಲ್ಲವ್ವಾ."

ಮುಂದಿನ ಶುಕ್ರವಾರ ಮಾರ್ಕೆಟ್ಟಿನಲ್ಲಿ ಆ ಓಣಿಯ ಮೂವರು ಹೆಂಗಸರು ಬಂದು ಹಾಲಗಿರ್ಲು ಕೇಳಿದರು. ಸೂಗಮ್ಮ ಬರ್ಫದ ಡಬ್ಬಿಗೆ ಕೈ ಹಾಕಿದಳು. ಮೀನನ್ನು ಅವರಿಗೆ ತೋರಿಸುವ ಮೊದಲೇ ತಲೆ ಕತ್ತರಿಸಿದಳು.